ಬಾಣಂತಿ ಕೋಣೆಯ ಅಡಿಪಾಯ

ಮೊಮ್ಮಗಳ ಚೊಚ್ಚಲ ಬಾಣಂತನ ಜಾವಗಲ್ಲಿನ ನಮ್ಮ ಮನೆಯಲ್ಲೇ ಎಂದು ಗೊತ್ತಾದ ದಿನ ಹಿಗ್ಗಿಗೆ ನನಗೆ ಊಟವೇ ಸೇರಲಿಲ್ಲ. ಅವಳಿಗೆಂದೇ ಮಗ ಹಿತ್ತಲಿನ ಹಳೇ ಗುಂಡಿ ಮುಚ್ಚಿ ಕೋಣೆ ಕಟ್ಟಿಸಲು ಹೊರಟ. ಗೋಡೆ ಕಿಟಕಿ ಮಟ್ಟಕ್ಕೆ ಬಂದಿತ್ತು, ಒಂದು ಮಳೆ ಬಿತ್ತು. ಮೂಲೆ ಕುಸಿದು ಕೈ ತೂರುವಷ್ಟು ಬಿರುಕು ಬಿಟ್ಟಿತು.

ಸಿಮೆಂಟು ಮೆತ್ತಿದರೆ ಸರಿಹೋಗುತ್ತದೆ ಎಂದ ಮೇಸ್ತ್ರಿ. ಕೀವು ತುಂಬಿದ ಗಾಯದ ಮೇಲೆ ಪೌಡರ್ ಬಳಿಯುವ ಮಾತು. ಕೇಳಿ ಹೇಸಿಗೆಯಾಯಿತು.

ಮೊಮ್ಮಗಳು ರಸ್ತೆ ಕೆಲಸದ ಇಂಜಿನಿಯರ್. ಏಳು ತಿಂಗಳ ಹೊಟ್ಟೆ ಹೊತ್ತು ಬಂದವಳು ಸೊಂಟಕ್ಕೆ ಕೈಕೊಟ್ಟು ನಿಂತು ಮೂಲೆ ಅಗೆಸಿದಳು. ಗುಂಡಿಗೆ ತುಂಬಿಸಿದ್ದ ಕೆರೆಗೋಡು ಮಣ್ಣಿನ ನಡುವೆ ಕಪ್ಪಗೆ ಕೊಳೆತ ತೆಂಗಿನ ನಾರಿನ ಹೊಟ್ಟು ಬುಟ್ಟಿಗಟ್ಟಲೆ ಬಂತು. ಥೇಟು ಇಲಿ ಸತ್ತ ನಾತ. ಮೂಗಿಗೆ ಸೆರಗು ಒತ್ತಿಕೊಂಡೆ.

ಮೇಸ್ತ್ರಿಗೆ ಉಗಿಯಲು ಹೋದೆ.

"ನೀವೇ ಅಲ್ವಾ ಅಜ್ಜಿ ಯೋಳಿದ್ದು, ತೆಂಗಿನ ಬುಡಕ್ಕೆ ಹಾಕೋದನ್ನೇ ಗುಂಡಿಗೂ ತುಂಬು ಅಂತ?"

ನಿಜ. ಗೋಡು, ಹೊಟ್ಟು ಬಿದ್ದ ಕಡೆ ನಮ್ಮ ಮರಗಳು ಗೊನೆ ಹೊರಲಾರದೆ ಬಾಗುತ್ತವೆ. ಮರ ನಿಲ್ಲುವ ಮಣ್ಣಲ್ಲಿ ಗೋಡೆ ನಿಲ್ಲದೆ ಏನು ಎಂದುಕೊಂಡಿದ್ದೆ. ಬಾಣಂತಿ ಮಲಗುವ ಜಾಗದ ಕೆಳಗೆ ನಾನೇ ತಿಪ್ಪೆ ಮಾಡಿಸಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು. ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಮೊಮ್ಮಗಳು ಬೈಯಲಿಲ್ಲ. ಗೋಡೆ ಕೆಡವಿಸಿ, ಹೊಟ್ಟನ್ನೆಲ್ಲ ತೆಗೆಸಿ, ಉಳಿದ ಮಣ್ಣಿಗೆ ಸುಣ್ಣದ ಪುಡಿ ಬೆರೆಸಬೇಕೆಂದಳು.

"ಎಲೆ ಅಡಿಕೆಗೆ ಸವರೋ ಸುಣ್ಣ ಗೋಡೆ ಹೊತ್ಕತ್ತದಾ ತಾಯಿ?" ಮೇಸ್ತ್ರಿ ನಕ್ಕ.

ಅವಳು ಬರೀ ಮಣ್ಣಿನದೊಂದು, ಸುಣ್ಣ ಬೆರೆಸಿದ್ದೊಂದು ಉಂಡೆ ಕಟ್ಟಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ವಾರ ಬಿಟ್ಟು ಎರಡನ್ನೂ ನೀರಿನ ಲೋಟಗಳಿಗೆ ಹಾಕಿದಳು. ಬರೀ ಮಣ್ಣಿನದು ನೋಡುತ್ತಿದ್ದಂತೆ ಕರಗಿ ಬಗ್ಗಡವಾಯಿತು. ಇನ್ನೊಂದು ಹಾಗೇ ಕೂತಿತ್ತು. ಮೇಸ್ತ್ರಿ ಅದನ್ನು ಎತ್ತಿ ಹಿಚುಕಿ ನೋಡಿದ. ಮಾರನೇ ದಿನದಿಂದ ಸುಣ್ಣ ಬೆರೆಸಿದ ಮಣ್ಣನ್ನು ಗೇಣು ಗೇಣು ತುಂಬಿ, ದಿಮ್ಮಸು ಹೊಡೆಸಿ ಗಟ್ಟಿ ಮಾಡಿಸಿದ.

ಹನ್ನೊಂದು ದಿನದ ಹೆಣ್ಣು ಕೂಸಿನೊಡನೆ ಮೊಮ್ಮಗಳು ಆ ಕೋಣೆಗೆ ಬಂದಾಗ ಹೊರಗೆ ಜಡಿಮಳೆ. ಗೋಡೆಗಿನ್ನೂ ಬಣ್ಣ ಬಳಿದಿರಲಿಲ್ಲ. ನಾನು ದೀಪ ಹಿಡಿದು ಮೂಲೆಗೆ ಬಗ್ಗಿ, ಬೆರಳಾಡಿಸಿ ಬಿರುಕು ಹುಡುಕುತ್ತಿದ್ದೆ. ಕೂದಲೆಳೆಯಷ್ಟೂ ಇರಲಿಲ್ಲ.

"ಗೋಡೆ ಎಲ್ಲೂ ಹೋಗಲ್ಲ ಕಣಜ್ಜಿ," ಅಂದಳು ಹಾಸಿಗೆಯಿಂದ. "ಇವಳನ್ನ ಸ್ವಲ್ಪ ಎತ್ಕೊ, ಕೈ ಸೋತೋಯ್ತು."