ಕೃಷ್ಣಮ್ಮ ಕೇಳಿದ ಕಾದಂಬರಿ

ನಾಗಸಂದ್ರದ ಕೃಷ್ಣಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಬಂದಿದ್ದರೆ ಗಂಡ ಬೈರಪ್ಪನ ಗತಿ ಇನ್ನೂ ಮುಂಚೆಯೇ ಕೆಡುತ್ತಿತ್ತು, ಅವನ ಪುಣ್ಯ. ಹೊಲವೆಲ್ಲ ಕಾರ್ಖಾನೆಗೆ ಹೋಗಿ, ಆ ದುಡ್ಡಿನಲ್ಲಿ ಬಾಡಿಗೆ ಮನೆಗಳೆದ್ದ ಮೇಲೆ ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವನು ಮಾಕಳಿಯಲ್ಲಿ ಪಿಳ್ಳಮ್ಮನೆಂಬವಳ ಜೊತೆ ಇನ್ನೊಂದು ಮನೆ ಹೂಡಿದ. ವಾರದಲ್ಲಿ ಮೂರು ದಿನ ಇಲ್ಲಿ, ನಾಲ್ಕು ದಿನ ಅಲ್ಲಿ.

"ನಮ್ಮೆಜಮಾನ್ರಿಗೂ ಶಿಫ್ಟು ಕಣವ್ವ" ಎಂದು ಕೃಷ್ಣಮ್ಮ ನಗುತ್ತಲೇ ಹೇಳುತ್ತಿದ್ದಳು. ಹೊಟ್ಟೆಯೊಳಗೆ ಬೆಂಕಿ. ಮಗಳ ಮದುವೆಯಾಗಲಿ, ಮನೆತನದ ಮಾನ ಬೀದಿಗೆ ಬರಬಾರದು ಎಂದು ಹತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದಳು. ಮಗಳ ಮದುವೆಯೂ ಆಯಿತು. ಕಟ್ಟಿದ ಬಾಯಿ ಮಾತ್ರ ಹಾಗೆಯೇ ಉಳಿಯಿತು.

ಎಂಬತ್ತೆರಡರ ಅವರೆಕಾಯಿ ಕಾಲದಲ್ಲಿ ಬಾಡಿಗೆ ಮನೆಯ ಸತ್ಯವತಿ ಲೈಬ್ರರಿಯಿಂದ ಒಂದು ದಪ್ಪ ಕಾದಂಬರಿ ತಂದಳು. ಅವಳ ಗಂಡ ದ್ವಾರಕಾನಾಥನಿಗೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು, ಹಾಗಾಗಿ ಅವಳಿಗೆ ಮಧ್ಯಾಹ್ನವೆಲ್ಲ ಬಿಡುವು. ಕೃಷ್ಣಮ್ಮ ಕಾಳು ಬಿಡಿಸುವಳು, ಸತ್ಯವತಿ ಸಾಲಿನ ಮೇಲೆ ಬೆರಳಿಟ್ಟು ಓದುವಳು. ಕತೆಯ ಗಂಡನಿಗೂ ಎರಡು ಮನೆ. ಹೆಂಡತಿ ಕಣ್ಣೀರು ಒರೆಸಿಕೊಂಡು ಅವನಿಗೆ ಬಿಸಿನೀರು ಕಾಯಿಸುವಳು.

"ಥೂ, ಇವಳ ಮನೆ ಕಾಯ್ವಾಗ" ಎಂದು ಕೃಷ್ಣಮ್ಮ ಸಿಪ್ಪೆ ಎಸೆದಳು. "ಆ ನೀರು ಅವನ ಮೇಲೆ ಉಯ್ಯಕ್ಕಿಲ್ವಾ? ಮುಂದೆ ಓದವ್ವ."

ಮುಂದೆಯೂ ಕಣ್ಣೀರೇ ಇತ್ತು. ಸತ್ಯವತಿಗೂ ರೇಗಿತು. ಒಂದು ದಿನ ತಡೆಯಲಾರದೆ ತಾನೇ ಕಟ್ಟಿ ಹೇಳಿದಳು: ಹೆಂಡತಿ ಗಂಡನ ಟ್ರಂಕನ್ನು ಜಗಲಿಗೆ ಎಳೆದು, ಬಾಗಿಲಿಗೆ ಅಗುಳಿ ಹಾಕಿಕೊಂಡಳು. ಕೃಷ್ಣಮ್ಮ ಕಾಳಿನ ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

ಮರುದಿನ ಬೈರಪ್ಪ ಮಾಕಳಿಯಿಂದ ಬಂದಾಗ ಅವನ ಟ್ರಂಕು ಜಗಲಿಯ ಮೇಲಿತ್ತು. ಮೇಲೊಂದು ಚಾಪೆ, ಒಂದು ಚೊಂಬು.

"ಏನಮ್ಮೀ ಇದು?" ಅಂದ.

"ಮಾಕಳಿ ಬಿಟ್ರೆ ಒಳಗೆ ಜಾಗ. ಇಲ್ದಿದ್ರೆ ಇಲ್ಲ" ಎಂದು ಬಾಗಿಲ ಹಿಂದಿನಿಂದ ಉತ್ತರ ಬಂತು.

ಸತ್ಯವತಿಗೆ ಭಯ. ಟ್ರಂಕಿನ ಕತೆ ಕಟ್ಟಿದ್ದು ತಾನೇ ಎಂದು ಮನೆ ಓನರಿಗೆ ಗೊತ್ತಾದರೆ ಮೊದಲು ಬೀದಿಗೆ ಬೀಳುವುದು ತನ್ನ ಟ್ರಂಕೇ. ಬೈರಪ್ಪನೋ ಜಗಲಿಯಲ್ಲಿ ಮುದ್ದೆ ನುಂಗುತ್ತ, ಸತ್ಯವತಿ ಒಳಗೆ ದಿನವೂ ಕಟ್ಟಿ ಮುಂದುವರಿಸುತ್ತಿದ್ದ ಟ್ರಂಕಿನ ಕತೆಗೆ ಕಿವಿಗೊಟ್ಟು ಕೂತ. ನಾಲ್ಕನೆಯ ದಿನ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿ ಮೆಲ್ಲಗೆ ಕೇಳಿದ: "ಸತ್ಯಮ್ನೋರೆ, ಆ ಕತೇಲಿ ಅವನ್ನ ಒಳಕ್ಕೆ ಬಿಟ್ಕಂಡ್ಳಾ?"

"ಇನ್ನೂ ಇಲ್ಲ ಯಜಮಾನ್ರೇ" ಅಂದು ಅವಳು ಅರ್ಧ ತುಂಬಿದ ಬಿಂದಿಗೆಯೊಂದಿಗೇ ಓಡಿದಳು.

ಸಂಜೆ ಐದಕ್ಕೆ ಮಾಕಳಿಯ ಬಸ್ಸು ಮನೆಯ ಮುಂದೆಯೇ ಹಾದು ಹೋಗುತ್ತಿತ್ತು. ಆ ಸದ್ದಿಗೆ ಕೃಷ್ಣಮ್ಮನ ಕೈ ನಿಲ್ಲುತ್ತಿತ್ತು. ಅವನು ಎದ್ದು ಹತ್ತಿಬಿಟ್ಟರೆ ತನ್ನ ಸಂಸಾರ ಮುಗಿಯಿತು, ಅಷ್ಟು ಅವಳಿಗೆ ಗೊತ್ತಿತ್ತು. ಬಾಗಿಲು ಹಾಕಿದ್ದರ ಭಯ ಅವಳಿಗೆ ದಿನಾ ಐದು ಗಂಟೆಗೆ ಬರುತ್ತಿತ್ತು.

ಎಂಟನೆಯ ದಿನ ಸತ್ಯವತಿ ಅತ್ತೇಬಿಟ್ಟಳು. "ಕೃಷ್ಣಮ್ಮನೋರೇ, ತಪ್ಪಾಯ್ತು. ಟ್ರಂಕು ಪುಸ್ತಕದಲ್ಲಿ ಇಲ್ಲವೇ ಇಲ್ಲ, ನಾನೇ ಸೇರಿಸಿದ್ದು. ಪುಸ್ತಕದಲ್ಲಿ ಅವಳು ಕೊನೇವರೆಗೂ ನೀರು ಕಾಯಿಸ್ತಾನೇ ಇರ್ತಾಳೆ."

"ಗೊತ್ತು ಬಿಡವ್ವ" ಎಂದಳು ಕೃಷ್ಣಮ್ಮ, ಅವರೆಕಾಯಿ ಹಿಸುಕುತ್ತ. "ದಿನಾ ಓದ್ವಾಗ ನಿನ್ ಬೆಳ್ಳು ಸಾಲಿನ ಮ್ಯಾಲೆ ಓಡ್ತಿತ್ತು. ಅವತ್ತು ಬೆಳ್ಳು ನಿಂತಿತ್ತು, ಕತೆ ಓಡ್ತಿತ್ತು."

"ಮತ್ತೆ ಯಾಕೆ ಹಾಗೆ ಮಾಡಿದ್ರಿ?"

"ಹತ್ತು ವರ್ಷದಿಂದ ಆ ಟ್ರಂಕು ನೋಡ್ತಾನೇ ಇವ್ನಿ. ಇನ್ನೊಬ್ಳು ಎಳೆದವ್ಳೆ ಅಂತ ಒಂದು ಸಲ ಕಿವೀಲಿ ಕೇಳ್ಬೇಕಿತ್ತು, ಅಷ್ಟೇಯ."

ಹೊರಗೆ ಬಸ್ಸಿನ ಹಾರನ್ ಕೇಳಿತು. ಇಬ್ಬರೂ ಕಿಟಕಿಯ ಸಂದಿಗೆ ಕಣ್ಣು ಹಚ್ಚಿದರು. ಬಸ್ಸು ನಿಂತಿತು, ಕಂಡಕ್ಟರ್ "ಮಾಕಳಿ, ಮಾಕಳಿ" ಎಂದು ಕೂಗಿದ. ಬೈರಪ್ಪ ಬಸ್ಸಿಗೆ ಬೆನ್ನು ತಿರುಗಿಸಿ, ಬಾಗಿಲಿಗೇ ಕಿವಿಯಾನಿಸಿ ಕೂತಿದ್ದ. ಬಸ್ಸು ಹೊರಟಿತು.

ಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಜಗಲಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಓದವ್ವ ಸತ್ಯಮ್ಮ. ಅವನ್ನ ಒಳಕ್ಕೆ ಬಿಟ್ಕಳಾಕೆ ಇನ್ನೂ ಒಂದು ವಾರದ ಕತೆ ಐತೆ."