ಹಕಾರದ ಪಾಠ

ಒಂದನೇ ತರಗತಿಗೆ ಬರುವ ನಮ್ಮ ಕಡೆಯ ಮಕ್ಕಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಳ್ಳಿ ಅಳ್ಳಿಯಾಗುತ್ತದೆ. ಸರಗೂರಿನ ಕಡೆ ಹುಟ್ಟಿದ ನನ್ನ ಮನೆಮಾತೂ ಅದೇ. ಹ್ಯಾಂಡ್‌ಪೋಸ್ಟ್ ಎನ್ನುವ ಊರಿನ ಹತ್ತಿರದ ಶಾಲೆಯಲ್ಲಿ ಪಾಠ ಮಾಡುವಾಗ ನಾನು ಯಾರನ್ನೂ ತಿದ್ದುತ್ತಿರಲಿಲ್ಲ. 'ಮಿಸ್, ನಮ್ಮ ಅಸ ಕರ ಆಕ್ತು' ಎಂದು ಒಬ್ಬಳು ಓಡಿ ಬಂದರೆ, ಕರು ಯಾವ ಬಣ್ಣ ಎಂದು ಕೇಳುತ್ತಿದ್ದೆ. ಮಾತು ಮೊದಲು ಹೊರಗೆ ಬರಲಿ, ಅಕ್ಷರ ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ ಎನ್ನುವುದು ನನ್ನ ನಂಬಿಕೆ. ಕೂಡಿಕೊಳ್ಳುತ್ತಲೂ ಇತ್ತು.

ಅದನ್ನು ನೋಡಿಯೇ ನನ್ನನ್ನು ಮೈಸೂರಿಗೆ ಕರೆಸಿದರು, ಒಂದನೇ ತರಗತಿಗೆ ಹೊಸ ಓದುಪುಸ್ತಕ ಬರೆಯುವ ಸಮಿತಿಗೆ. ಮಕ್ಕಳು ಮನೆಯಲ್ಲಿ ಆಡುವ ಮಾತುಗಳನ್ನೇ ಆಯ್ದು ಒಂದು ಪಾಠ ಬರೆದೆ. ಅದರಲ್ಲಿ ಮಗು ತನ್ನ ಹಾಗೆಯೇ ಮಾತಾಡುತ್ತದೆ, ಟೀಚರು ಪುಸ್ತಕದ ಹಾಗೆ ಉತ್ತರ ಕೊಡುತ್ತಾರೆ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಸಮಿತಿಯವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೀವಮಾನದಲ್ಲಿ ಒಂದು ಮಗುವಿನ ಮೂಗು ಒರೆಸದ ಹಿರಿಯರೊಬ್ಬರು, 'ಮೇಡಂ, ಇದು ಕನ್ನಡ ಪುಸ್ತಕ ಕಣ್ರೀ' ಎಂದರು.

ಪುಸ್ತಕ ಅಚ್ಚಾಗಿ ಬಂದಾಗ ನನ್ನ ಪಾಠವೂ ಇತ್ತು. ಎರಡು ಭಾಗ ಮಾಡಿದ್ದರು. ಮಕ್ಕಳ ಮಾತುಗಳೆಲ್ಲ 'ತಪ್ಪು' ಎನ್ನುವ ತಲೆಬರಹದ ಕೆಳಗೆ, ಟೀಚರ ಮಾತುಗಳು 'ಸರಿ'ಯ ಕೆಳಗೆ. ಜಗಳವಾಡಿದೆ, ಮುಂದಿನ ಮುದ್ರಣದಲ್ಲಿ ನೋಡೋಣ ಎಂದು ಸಾಗಹಾಕಿದರು. ಸಾಲದ್ದಕ್ಕೆ, ಆ ಪುಸ್ತಕ ಕಲಿಸುವುದು ಹೇಗೆಂದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದರು. ಆ ಪುಟವೊಂದನ್ನು ಬಿಟ್ಟುಬಿಡಿ ಎಂದು ಊರೂರಿನಲ್ಲಿ ಗಂಟಲು ಹರಿದುಕೊಂಡೆ. ಅವರು ತಲೆಯಾಡಿಸಿ, ಊಟ ಮಾಡಿ, ಸಹಿ ಹಾಕಿ ಬಸ್ ಹಿಡಿದರು. ಪರೀಕ್ಷೆಗೆ ಬರುವ ಪುಟವನ್ನು ಯಾರು ಬಿಡುತ್ತಾರೆ?

ಹೋದ ವರ್ಷ ಹ್ಯಾಂಡ್‌ಪೋಸ್ಟಿನ ನನ್ನ ಹಳೆಯ ಶಾಲೆಗೆ ಪಾಠ ನೋಡಲು ಹೋದೆ. ಅಲ್ಲೀಗ ಬೇರೆ ಟೀಚರು, ನನ್ನಿಂದಲೇ ತರಬೇತಿ ಪಡೆದವರು. ತಪ್ಪಾದೀತೆಂಬ ಹೆದರಿಕೆಗೆ ಮಕ್ಕಳು ಸಿಕ್ಕ ಸಿಕ್ಕ ಪದಕ್ಕೆಲ್ಲ ಹಕಾರ ಹಚ್ಚುತ್ತಿದ್ದವು. ಆನೆ ಹಾನೆಯಾಗಿತ್ತು, ಎಲೆ ಹೆಲೆಯಾಗಿತ್ತು.

'ಹ ಅಂತೂ ಬಂತಲ್ಲ ಮೇಡಂ' ಎಂದು ಟೀಚರು ಖುಷಿಪಟ್ಟರು.

ಊಟದ ಹೊತ್ತಿಗೆ ಒಬ್ಬ ಹುಡುಗಿಯ ತಾಯಿ ಬಾಗಿಲಿಗೆ ಬಂದಳು. ಮಗಳು 'ಹವ್ವಾ' ಎಂದು ಕೂಗಿದಳು.

'ಇದ್ಯಾಕೆ ಅಂಗಂತೀಯೆ? ಅವ್ವ ಅನ್ನು ಕಣೆ' ಎಂದು ತಾಯಿ ನಕ್ಕಳು.

'ಅವ್ವ ಅನ್ನದು ತಪ್ಪು. ಹವ್ವ ಸರಿ' ಎಂದಳು ಹುಡುಗಿ, ಪಾಠ ಒಪ್ಪಿಸುವ ದನಿಯಲ್ಲಿ.

ತಾಯಿಯ ನಗು ನಿಂತಿತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: 'ಅಂಗಾರೆ ನಮ್ಮವ್ವ ಸಾಯೋಗಂಟ ನಾನು ಅವಳ್ನ ತಪ್ಪಾಗೇ ಕರ್ದೆನಾ ಮೇಡಂ?'