ಖಂಡೆ ಪೂಜೆಯ ದಿನದ ವೈ-ಫೈ

ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಕುಂಕುಮದ ಬೊಟ್ಟು ಇನ್ನೂ ಒಣಗಿರಲಿಲ್ಲ. ನಿಪ್ಪಾಣಿಯ ನಮ್ಮ ಮನೆಯಲ್ಲಿ ಅಂದು ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಪೂಜೆ ಮುಗಿದಾಗಿನಿಂದ ನಾನು ಅದರಲ್ಲಿದ್ದ ಲಿನಕ್ಸ್‌ನ ವೈ-ಫೈ ಡ್ರೈವರ್ ತಂತ್ರಾಂಶವನ್ನು ತೆಗೆದು ಮತ್ತೆ ಮತ್ತೆ ಹಾಕುತ್ತಿದ್ದೆ. ಒಂದು ನೆಟ್‌ವರ್ಕೂ ಕಾಣುತ್ತಿರಲಿಲ್ಲ. ಉಪನ್ಯಾಸಕಿ ಹುದ್ದೆಗೆ ಅರ್ಜಿ ಕಳಿಸಲು ಮರುದಿನವೇ ಕೊನೆ. ಮೊಬೈಲಿನಲ್ಲಿ ಲಿನಕ್ಸ್ ಬಳಗದವರನ್ನು ಕೇಳಿದರೆ, ಅವರೂ ಡ್ರೈವರನ್ನೇ ಬೈದರು.

ಹೋಳಿಗೆ ತಂದ ಅಜ್ಜಿ ನಿಂತು ನೋಡಿದಳು. “ಅದನ್ನ ಯಾಕ ಕಾಡಾಕತ್ತಿ ಯವ್ವಾ? ಹೊಲಿಗಿ ಮಷಿನ್, ಮಿಕ್ಸರ್ ಎಲ್ಲಾ ಇವತ್ತ ಸುಮ್ನ ಕುಂತಾವು. ಪೂಜಿಗೂ ಮೊದಲ ಇದರ ಬಾಜೂಕಿದ್ದ ಗುಂಡೀನೂ ನಾನ ಸರಿಸಿ ಬಂದ್ ಮಾಡೇನಿ. ನಾಳೆ ಚಾಲೂ ಮಾಡು.”

ಅದು ವೈ-ಫೈಯನ್ನೇ ಆರಿಸುವ ಗುಂಡಿ. ಅಜ್ಜಿಯ ಎದುರು ಅದನ್ನು ಮುಟ್ಟುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಗುಂಡಿ ಸರಿಸಿ ಅರ್ಜಿ ಕಳಿಸಿದೆ. ಆಮೇಲೆ ಬಳಗದವರಿಗೆ, ಅಜ್ಜಿಯ ಸುದ್ದಿ ಎತ್ತದೆ, ‘ಡ್ರೈವರಿನ ತಪ್ಪೇನೂ ಇಲ್ಲ’ ಎಂದಷ್ಟೇ ಬರೆದೆ.